ನೀರು ಕುಡಿದರೆ ಹ್ಯಾಂಗೋವರ್ ತಪ್ಪುತ್ತದೆಯೇ?

ಪ್ರಶ್ನೆ: ನನಗೆ 34 ವರ್ಷ, ತೂಕ 70 ಕಿಲೋ. ತಿಂಗಳಿಗೆ ಒಂದೆರಡು ಶನಿವಾರ ಗೆಳೆಯರೊಡನೆ ಕುಡಿಯುವ ಅಭ್ಯಾಸವಿದೆ. ಒಂದು ಸಲಕ್ಕೆ ಒಂದು ಕ್ವಾರ್ಟರ್ ವಿಸ್ಕಿ, ಕೆಲವೊಮ್ಮೆ ಅದರ ಮೇಲೊಂದು ಸ್ಟ್ರಾಂಗ್ ಬಿಯರ್. ದೇಹದಲ್ಲಿ ನೀರು ಕಡಿಮೆಯಾಗುವುದರಿಂದಲೇ ಹ್ಯಾಂಗೋವರ್ ಬರುತ್ತದೆ, ಪೆಗ್ಗಿಗೊಂದು ಲೋಟ ನೀರು ಕುಡಿದು, ಮಲಗುವ ಮುನ್ನ ಓಆರ್‌ಎಸ್ ತೆಗೆದುಕೊಂಡರೆ ಏನೂ ಆಗುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಹಾಗೆಯೇ ಮಾಡುತ್ತಿದ್ದೇನೆ. ಆದರೂ ಮರುದಿನ ತಲೆ ಸಿಡಿಯುತ್ತದೆ, ವಾಕರಿಕೆ ಬರುತ್ತದೆ, ಎದೆ ಡವಡವ ಎನ್ನುತ್ತದೆ. ನಾನು ಎಲ್ಲಿ ತಪ್ಪುತ್ತಿದ್ದೇನೆ? ಮಲಗುವಾಗಲೇ ಒಂದು ಪ್ಯಾರಸಿಟಮಾಲ್ ನುಂಗಿದರೆ ಒಳ್ಳೆಯದೇ? (ಶಿವಮೊಗ್ಗದ ಓದುಗರು)

ಉತ್ತರ: ನೀರು ಕುಡಿಯುವುದರಲ್ಲಿ ನಿಮ್ಮಿಂದ ಏನೂ ತಪ್ಪಾಗಿಲ್ಲ. ನಿಮಗೆ ಸಿಕ್ಕಿರುವ ವಿವರಣೆ ಅರ್ಧ ಮಾತ್ರ ನಿಜ. ಮದ್ಯ ದೇಹದ ನೀರನ್ನು ಹೊರಹಾಕುವುದು ನಿಜ, ಮರುದಿನ ಹ್ಯಾಂಗೋವರ್ ಕಾಡುವುದೂ ನಿಜ. ಆದರೆ ಮೊದಲನೆಯದೇ ಎರಡನೆಯದಕ್ಕೆ ಕಾರಣ ಎಂಬುದು ನಿಜವಲ್ಲ. ಇವೆರಡೂ ಒಂದೇ ಮದ್ಯದಿಂದ ಹುಟ್ಟಿ, ಸರಿಸುಮಾರು ಒಂದೇ ಹೊತ್ತಿಗೆ ಕಾಣಿಸಿಕೊಳ್ಳುವ ಬೇರೆ ಬೇರೆ ತೊಂದರೆಗಳು. ನೀರು ಮೊದಲನೆಯದನ್ನು ಚೆನ್ನಾಗಿ ಪರಿಹರಿಸುತ್ತದೆ, ಎರಡನೆಯದನ್ನು ಹೆಚ್ಚಾಗಿ ಮುಟ್ಟುವುದೇ ಇಲ್ಲ.

ಮೊದಲು ನೀರಿನ ಲೆಕ್ಕ ನೋಡೋಣ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ವಾಸೊಪ್ರೆಸಿನ್ ಎಂಬ ಹಾರ್ಮೋನು ರಕ್ತಕ್ಕೆ ಸೇರುತ್ತದೆ. ಸೋಸಿದ ನೀರಿನಲ್ಲಿ ಬಹುಪಾಲನ್ನು ಮತ್ತೆ ರಕ್ತಕ್ಕೆ ಹಿಂದಿರುಗಿಸಬೇಕೆಂದು ಮೂತ್ರಪಿಂಡಗಳಿಗೆ ಹೇಳುವುದು ಇದೇ. ಮದ್ಯ ಈ ಹಾರ್ಮೋನನ್ನು ತಡೆಹಿಡಿಯುತ್ತದೆ, ಆದ್ದರಿಂದ ಮೂತ್ರಪಿಂಡಗಳು ಉಳಿಸಿಕೊಳ್ಳಬೇಕಾಗಿದ್ದ ನೀರನ್ನೂ ಹೊರಗೆ ಬಿಡುತ್ತವೆ. ಇಂಗ್ಲೆಂಡಿನ ಶರೀರಕ್ರಿಯಾ ವಿಜ್ಞಾನಿ ಗ್ರೇಸ್ ಎಗಲ್ಟನ್ 1942ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ ಬಂದ ಅಂದಾಜು ಇಂದಿಗೂ ಬಳಕೆಯಲ್ಲಿದೆ: ಒಂದು ಗ್ರಾಂ ಶುದ್ಧ ಆಲ್ಕೋಹಾಲಿಗೆ ಸುಮಾರು 10 ಮಿಲಿಲೀಟರ್ ಹೆಚ್ಚುವರಿ ಮೂತ್ರ. ನಿಮ್ಮ ಒಂದು ಕ್ವಾರ್ಟರಿನಲ್ಲಿ ಸುಮಾರು 60 ಗ್ರಾಂ ಆಲ್ಕೋಹಾಲ್ ಇರುವುದರಿಂದ ಹೆಚ್ಚುವರಿ ನಷ್ಟ ಅರ್ಧ ಲೀಟರಿಗಿಂತ ಸ್ವಲ್ಪ ಹೆಚ್ಚು. ಈ ಪರಿಣಾಮ ರಕ್ತದಲ್ಲಿ ಮದ್ಯದ ಪ್ರಮಾಣ ಏರುತ್ತಿರುವಾಗ ಹೆಚ್ಚು, ಅದು ಇಳಿಯತೊಡಗಿದ ಮೇಲೆ ಮೂತ್ರಪಿಂಡಗಳು ಮತ್ತೆ ನೀರನ್ನು ಬಿಗಿಹಿಡಿಯುತ್ತವೆ. ಹಾಗಾಗಿ ಕುಡಿಯುತ್ತಾ ಕೂತಾಗ ಮತ್ತೆ ಮತ್ತೆ ಏಳಬೇಕಾಗುತ್ತದೆ, ಬೆಳಗಿನ ಜಾವಕ್ಕೆ ಬಾಯಿ ಒಣಗಿ ಮೂತ್ರ ಗಾಢ ಹಳದಿಯಾಗಿರುತ್ತದೆ. ವಾಂತಿ, ಭೇದಿ ಆಗಿದ್ದರೆ ಅಥವಾ ಏಪ್ರಿಲ್, ಮೇ ತಿಂಗಳ ಸೆಖೆಯಲ್ಲಿ ಬೆವರಿದ್ದರೆ ನಷ್ಟ ಇನ್ನೂ ಹೆಚ್ಚುತ್ತದೆ.

ಒಂದು ಕ್ವಾರ್ಟರ್ ಎಂದರೆ 60 ಮಿಲಿಲೀಟರಿನ ಮೂರು ದೊಡ್ಡ ಪೆಗ್. ನೀವು ಈ ಮೂರು ಪೆಗ್ಗಿಗೆ ಮೂರು ಲೋಟ ನೀರು ಕುಡಿದಿದ್ದರೆ ಈ ಅರ್ಧ ಲೀಟರು ಅಲ್ಲಿಯೇ ತುಂಬಿಕೊಂಡಿರುತ್ತದೆ. ಆದರೂ ತಲೆ ಸಿಡಿಯಿತು ಎಂದರೆ ಕಾರಣವನ್ನು ಬೇರೆಡೆ ಹುಡುಕಬೇಕಾಗುತ್ತದೆ. ಸಂಶೋಧಕರು ಹುಡುಕಿಯೂ ಇದ್ದಾರೆ. ಹ್ಯಾಂಗೋವರ್‌ನಲ್ಲಿರುವವರ ರಕ್ತದಲ್ಲಿ ನೀರಿನ ಸಮತೋಲನ ಕಾಯುವ ಹಾರ್ಮೋನುಗಳನ್ನೂ ಸೋಡಿಯಂ, ಪೊಟ್ಯಾಸಿಯಂನಂಥ ಲವಣಗಳನ್ನೂ ಅಳೆದು, ಅವರು ಹೇಳಿದ ತೊಂದರೆಯ ತೀವ್ರತೆಯೊಂದಿಗೆ ಹೋಲಿಸಿದಾಗ ಅವುಗಳ ನಡುವೆ ಗಟ್ಟಿಯಾದ ನಂಟು ಕಾಣಲಿಲ್ಲ. ಈ ವಿಷಯವನ್ನು ವರ್ಷಗಳಿಂದ ಅಭ್ಯಾಸ ಮಾಡುತ್ತಿರುವ, ನೆದರ್ಲೆಂಡ್ಸಿನ ಯುಟ್ರೆಕ್ಟ್ ವಿಶ್ವವಿದ್ಯಾಲಯದ ಯೋರಿಸ್ ವೆರ್ಸ್ಟರ್ ಮತ್ತು ಸಂಗಡಿಗರ ನಿಲುವೂ ಇದೇ: ಬಾಯಾರಿಕೆ ಬೇಗ ತಗ್ಗುತ್ತದೆ, ಹ್ಯಾಂಗೋವರ್ ತನ್ನ ಹೊತ್ತು ಮುಗಿಯುವವರೆಗೂ ಇರುತ್ತದೆ, ಕುಡಿಯುವಾಗ ಅಥವಾ ಮಲಗುವ ಮುನ್ನ ನೀರು ಕುಡಿದವರಿಗೆ ಮರುದಿನ ಸಿಗುವ ಲಾಭ ಅಲ್ಪ.

ಹಾಗಾದರೆ ಹ್ಯಾಂಗೋವರ್ ಎಂದರೇನು? ಅದಕ್ಕೆ ಒಂದೇ ಕಾರಣ ಹೇಳಲಾಗದು. ಲಿವರ್ ಮೊದಲು ಆಲ್ಕೋಹಾಲನ್ನು ಅಸಿಟಾಲ್ಡಿಹೈಡ್ ಎಂಬ ಹೆಚ್ಚು ವಿಷಕಾರಿಯಾದ ವಸ್ತುವಾಗಿ ಒಡೆಯುತ್ತದೆ, ಆಮೇಲೆ ಅದನ್ನು ನಿರಪಾಯಕಾರಿಯಾದ ಅಸಿಟೇಟ್ ಆಗಿ ಮಾರ್ಪಡಿಸುತ್ತದೆ. ಈ ಎರಡನೆಯ ಹಂತದ ಕಿಣ್ವ ಕೆಲವರಲ್ಲಿ ಹುಟ್ಟಿನಿಂದಲೇ ದುರ್ಬಲವಾಗಿರುತ್ತದೆ. ಚೀನಾ, ಜಪಾನ್, ಕೊರಿಯಾದ ಜನರಲ್ಲಿ ಇದು ಬಹಳ ಸಾಮಾನ್ಯ. ಅಂಥವರಿಗೆ ಒಂದು ಪೆಗ್ಗಿಗೇ ಮುಖ ಕೆಂಪಾಗಿ ವಾಕರಿಕೆ ಬರುತ್ತದೆ. ಮದ್ಯವನ್ನೂ ಅದರ ಒಡಕು ವಸ್ತುಗಳನ್ನೂ ಎದುರಿಸಲು ದೇಹದ ರಕ್ಷಣಾ ವ್ಯವಸ್ಥೆ ಉರಿಯೂತದ ರಾಸಾಯನಿಕಗಳನ್ನು ರಕ್ತಕ್ಕೆ ಬಿಡುತ್ತದೆ. ಜ್ವರ ಬಂದಾಗ ಮೈಕೈ ನೋವು, ತಲೆನೋವು, ಯಾವುದೂ ಬೇಡವೆನಿಸುವ ಮಂಕುತನ ಉಂಟುಮಾಡುವುದೂ ಇದೇ ಬಗೆಯ ರಾಸಾಯನಿಕಗಳು. ಹ್ಯಾಂಗೋವರ್‌ನ ದಿನ ಜ್ವರ ಬಿಟ್ಟ ಮರುದಿನದಂತೆ ಅನಿಸುವುದಕ್ಕೆ ಇದು ಒಂದು ಕಾರಣವೆಂದು ನಂಬಲು ಸಾಕಷ್ಟು ಆಧಾರವಿದೆ. ಇದರ ಜೊತೆಗೆ ಮದ್ಯ ಜಠರದ ಒಳಪದರವನ್ನು ಕೆರಳಿಸಿ ಆಮ್ಲವನ್ನು ಹೆಚ್ಚಿಸುತ್ತದೆ, ವಾಕರಿಕೆಯ ಮೂಲ ಬಹುಮಟ್ಟಿಗೆ ಅಲ್ಲಿದೆ.

ನಿದ್ರೆಯ ಪಾಲನ್ನು ಜನ ಕಡೆಗಣಿಸುತ್ತಾರೆ. ಕುಡಿದಾಗ ಬೇಗ ನಿದ್ರೆ ಹತ್ತುತ್ತದೆ, ಆದರೆ ಕನಸು ಬೀಳುವ ಹಂತ ರಾತ್ರಿಯ ಮೊದಲರ್ಧದಲ್ಲಿ ಅದುಮಲ್ಪಟ್ಟು, ಎರಡನೆಯ ಅರ್ಧದಲ್ಲಿ ಮದ್ಯ ಇಳಿಯುತ್ತಿದ್ದಂತೆ ನಿದ್ರೆ ತುಂಡುತುಂಡಾಗುತ್ತದೆ. ಬೆಳಗಿನ ಜಾವ ಮೂರು, ನಾಲ್ಕಕ್ಕೆ ಎಚ್ಚರವಾಗಿ ಮತ್ತೆ ಕಣ್ಣು ಮುಚ್ಚದಿರುವುದು ಕುಡಿಯುವ ಬಹಳ ಜನರ ಅನುಭವ. ಮದ್ಯವು ನರಮಂಡಲವನ್ನು ಗಂಟೆಗಟ್ಟಲೆ ಮಂಕಾಗಿಸಿರುವುದರಿಂದ, ಅದು ಇಳಿದಾಗ ಮೆದುಳು ಅಗತ್ಯಕ್ಕಿಂತ ಹೆಚ್ಚು ಚುರುಕಾಗುತ್ತದೆ. ಎದೆ ಡವಡವ, ಕೈ ಅದಿರುವಿಕೆ, ಸಣ್ಣ ಸದ್ದಿಗೂ ಕಿರಿಕಿರಿ, ಕಾರಣವಿಲ್ಲದ ಅಳುಕು ಇವೆಲ್ಲ ಈ ಬಗೆಯವು. ಲಿವರ್ ಮದ್ಯವನ್ನು ಒಡೆಯುವುದರಲ್ಲಿ ಮುಳುಗಿದ್ದಾಗ ಹೊಸದಾಗಿ ಸಕ್ಕರೆ ತಯಾರಿಸುವ ಅದರ ಶಕ್ತಿಯೂ ಕುಗ್ಗುತ್ತದೆ, ಆದ್ದರಿಂದ ರಾತ್ರಿ ಊಟ ಬಿಟ್ಟವರಿಗೆ ನಿಶ್ಶಕ್ತಿಯೂ ಸೇರಿಕೊಳ್ಳುತ್ತದೆ. ಇವುಗಳಲ್ಲಿ ಯಾವುದನ್ನೂ ಒಂದು ಲೋಟ ನೀರು ಸರಿಪಡಿಸಲಾರದು.

ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಇರುವುದು ಬಾಟಲಿಯ ಲೇಬಲ್ಲಿನಲ್ಲಿ. ನಮ್ಮ ವಿಸ್ಕಿ, ರಮ್, ಬ್ರಾಂದಿಗಳ ಮೇಲೆ ಸಾಮಾನ್ಯವಾಗಿ ಶೇ 42.8 ಎಂದು ಮುದ್ರಿಸಿರುತ್ತಾರೆ. 180 ಮಿಲಿಲೀಟರಿನ ಕ್ವಾರ್ಟರಿನಲ್ಲಿ ಶೇ 42.8ರಷ್ಟು ಆಲ್ಕೋಹಾಲ್ ಎಂದರೆ 77 ಮಿಲಿಲೀಟರ್. ಆಲ್ಕೋಹಾಲ್ ನೀರಿಗಿಂತ ಹಗುರ (ಒಂದು ಮಿಲಿಲೀಟರಿನ ತೂಕ 0.79 ಗ್ರಾಂ), ಹಾಗಾಗಿ ತೂಕದಲ್ಲಿ 61 ಗ್ರಾಂ. 30 ಮಿಲಿಲೀಟರಿನ ಚಿಕ್ಕ ಪೆಗ್ಗಿನಲ್ಲಿ ಸುಮಾರು 10 ಗ್ರಾಂ ಇರುತ್ತದೆ ಎಂದು ನೆನಪಿಟ್ಟುಕೊಂಡರೆ ಲೆಕ್ಕ ಸುಲಭ. ಶೇ 8ರ ಸ್ಟ್ರಾಂಗ್ ಬಿಯರಿನ 650 ಮಿಲಿಲೀಟರ್ ಬಾಟಲಿಯಲ್ಲಿ 41 ಗ್ರಾಂ, ಅಂದರೆ ನಾಲ್ಕು ಚಿಕ್ಕ ಪೆಗ್ಗಿನಷ್ಟು ಇರುತ್ತದೆ. ‘ಬರೀ ಬಿಯರ್ ತಾನೇ’ ಎಂದು ಕ್ವಾರ್ಟರಿನ ಮೇಲೆ ಅದನ್ನು ಕುಡಿದ ದಿನ ನಿಮ್ಮ ಒಟ್ಟು ಪ್ರಮಾಣ 100 ಗ್ರಾಂ ದಾಟುತ್ತದೆ. ಇದು ಅಳತೆ ಮಾಡಿದ ಪೆಗ್ಗಿನ ಮಾತು. ಮನೆಯಲ್ಲಿ ಸ್ಟೀಲ್ ಲೋಟಕ್ಕೆ ಕಣ್ಣಂದಾಜಿನಲ್ಲಿ ಸುರಿದುಕೊಳ್ಳುವ ‘ಒಂದು ಪೆಗ್’ ಎಷ್ಟಿರುತ್ತದೆ ಎಂಬುದನ್ನು ಒಮ್ಮೆ ಕೆಮ್ಮಿನ ಔಷಧದ ಅಳತೆ ಮುಚ್ಚಳದಲ್ಲಿ ಅಳೆದು ನೋಡಿ.

ನಿಮ್ಮ ತೂಕದ, ಆರೋಗ್ಯವಂತ ಗಂಡಸಿನ ಲಿವರ್ ಗಂಟೆಗೆ ಸುಮಾರು 7 ಗ್ರಾಂ ಆಲ್ಕೋಹಾಲನ್ನು ಕರಗಿಸುತ್ತದೆ, ವ್ಯಕ್ತಿಯಿಂದ ವ್ಯಕ್ತಿಗೆ ಇದು ಸ್ವಲ್ಪ ಹೆಚ್ಚು ಕಡಿಮೆಯಾಗಬಹುದು. ರಾತ್ರಿ 9ಕ್ಕೆ ಶುರು ಮಾಡಿ ಒಂದು ಕ್ವಾರ್ಟರ್ ಮುಗಿಸಿದರೆ ಬೆಳಗಿನ ಜಾವ 5 ಗಂಟೆ ಕಳೆಯುವವರೆಗೂ ಲಿವರ್ ಆ ಕೆಲಸದಲ್ಲಿಯೇ ಇರುತ್ತದೆ. ಬಿಯರೂ ಸೇರಿದರೆ ಮರುದಿನ ಬೆಳಿಗ್ಗೆ 11 ಗಂಟೆಯೂ ಕಳೆದಿರುತ್ತದೆ. ರಕ್ತದಲ್ಲಿನ ಮದ್ಯ ಸೊನ್ನೆಯತ್ತ ಬರುವ ಹೊತ್ತಿಗೇ ಹ್ಯಾಂಗೋವರ್ ತನ್ನ ತುತ್ತತುದಿ ಮುಟ್ಟುತ್ತದೆ. ಕಾಫಿ, ತಣ್ಣೀರಿನ ಸ್ನಾನ, ನಿಂಬೆರಸ, ಬೆವರು ಹರಿಸುವ ವ್ಯಾಯಾಮ ಇವು ಯಾವುವೂ ಲಿವರಿನ ಈ ವೇಗವನ್ನು ಹೆಚ್ಚಿಸುವುದಿಲ್ಲ. ಹೆಂಗಸರ ದೇಹದಲ್ಲಿ ನೀರಿನ ಪಾಲು ಕಡಿಮೆಯಿರುವುದರಿಂದ ಅಷ್ಟೇ ಮದ್ಯಕ್ಕೆ ರಕ್ತದಲ್ಲಿನ ಪ್ರಮಾಣ ಹೆಚ್ಚು ಏರುತ್ತದೆ.

ಇದೇ ಲೆಕ್ಕವನ್ನು ಗಾಡಿ ಓಡಿಸುವ ವಿಷಯಕ್ಕೂ ಅನ್ವಯಿಸಿ ನೋಡಬೇಕು. ಮೋಟಾರು ವಾಹನ ಕಾಯ್ದೆಯ 185ನೆಯ ಕಲಮಿನ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿದರೆ ಅಪರಾಧ. ಕ್ವಾರ್ಟರ್ ಮತ್ತು ಸ್ಟ್ರಾಂಗ್ ಬಿಯರ್ ಕುಡಿದು ಮಲಗಿ, ಬೆಳಿಗ್ಗೆ 7ಕ್ಕೆ ಮುಖ ತೊಳೆದು ಬೈಕ್ ಹತ್ತುವ 70 ಕಿಲೋ ತೂಕದವರಲ್ಲಿ ಆಗಲೂ 60 ಮಿಲಿಗ್ರಾಂ ಆಸುಪಾಸು ಇರಬಲ್ಲದು, ಎಂದರೆ ಮಿತಿಯ ಎರಡು ಪಟ್ಟು. ಅವರಿಗೆ ತಾವು ಕುಡಿದಿದ್ದೇವೆ ಎಂದು ಅನಿಸುತ್ತಲೇ ಇರುವುದಿಲ್ಲ, ಹ್ಯಾಂಗೋವರ್ ಆಗಿದೆ ಎಂದಷ್ಟೇ ಅನಿಸುತ್ತದೆ. ಮದ್ಯ ಪೂರ್ತಿ ಇಳಿದ ಮೇಲೂ ಹ್ಯಾಂಗೋವರ್ ಇರುವವರೆಗೆ ಗಮನ ಮತ್ತು ಪ್ರತಿಕ್ರಿಯೆಯ ವೇಗ ಕಡಿಮೆಯೇ ಇರುತ್ತದೆ. ಭಾನುವಾರ ಬೆಳಿಗ್ಗೆ ಮಕ್ಕಳನ್ನು ಕೂರಿಸಿಕೊಂಡು ಗಾಡಿ ತೆಗೆಯುವ ಮುನ್ನ ದಯವಿಟ್ಟು ಈ ಗಂಟೆಗಳನ್ನು ಎಣಿಸಿ.

ಆದ್ದರಿಂದ ಹ್ಯಾಂಗೋವರ್ ತಪ್ಪಿಸುವ ಉಪಾಯವೆಲ್ಲ ಎಷ್ಟು ಕುಡಿದಿರಿ, ಎಷ್ಟು ಹೊತ್ತಿನಲ್ಲಿ ಕುಡಿದಿರಿ ಎಂಬುದರಲ್ಲಿದೆ. ನೀವು ಮೂರು ದೊಡ್ಡ ಪೆಗ್ಗಿನ ಬದಲು ಎರಡು ಚಿಕ್ಕ ಪೆಗ್ಗಿಗೆ ನಿಲ್ಲಿಸಿದರೆ ಲಿವರ್ ಆ 20 ಗ್ರಾಂ ಅನ್ನು ನೀವು ಮಲಗಿದ ಸ್ವಲ್ಪ ಹೊತ್ತಿನಲ್ಲೇ ಮುಗಿಸುತ್ತದೆ, ನಿದ್ರೆಯ ಬಹುಪಾಲು ಕೆಡದೆ ಉಳಿಯುತ್ತದೆ. ನೀರಿನ ನಿಜವಾದ ಉಪಕಾರವೂ ಇಲ್ಲಿಯೇ ಇದೆ: ಪೆಗ್ಗುಗಳ ನಡುವೆ ಒಂದು ಲೋಟ ನೀರನ್ನು ನಿಧಾನವಾಗಿ ಕುಡಿಯುವವರು ಒಟ್ಟಿನಲ್ಲಿ ಕಡಿಮೆ ಮದ್ಯ ಕುಡಿಯುವ ಸಾಧ್ಯತೆ ಇದೆ. ಅಷ್ಟೇ ಮದ್ಯ ಕುಡಿದು ಮೇಲೆ ನೀರು ಕುಡಿದರೆ ಬಾಯಾರಿಕೆ ಮಾತ್ರ ತಪ್ಪುತ್ತದೆ.

ಊಟದ ಬಗ್ಗೆ ಸ್ವಲ್ಪ ಒತ್ತಿ ಹೇಳಬೇಕು. ನಮ್ಮಲ್ಲಿ ಕುಡಿದು ಮುಗಿಸಿ ಕೊನೆಗೆ ಊಟ ಮಾಡುವ ರೂಢಿಯಿದೆ, ಅದೂ ರಾತ್ರಿ ಹನ್ನೊಂದು, ಹನ್ನೆರಡಕ್ಕೆ. ಖಾಲಿ ಹೊಟ್ಟೆಯಲ್ಲಿ ಮದ್ಯ ಬೇಗನೆ ಸಣ್ಣ ಕರುಳಿಗೆ ಇಳಿದು ಒಮ್ಮೆಲೇ ರಕ್ತಕ್ಕೆ ಸೇರುತ್ತದೆ. ಮೊದಲೇ ಮುದ್ದೆ ಸಾರು, ಚಪಾತಿ ಮೊಟ್ಟೆ, ಮೊಸರನ್ನ, ಹೀಗೆ ಸರಿಯಾದ ಊಟ ಮಾಡಿದ್ದರೆ ಜಠರ ಅದನ್ನು ನಿಧಾನವಾಗಿ ಬಿಡುತ್ತದೆ, ರಕ್ತದಲ್ಲಿ ಮದ್ಯ ಏರುವ ಎತ್ತರ ಗಣನೀಯವಾಗಿ ತಗ್ಗುತ್ತದೆ. ಕಡಲೆಬೀಜದ ಮಸಾಲೆ, ಚಿಪ್ಸು, ಉಪ್ಪಿನಕಾಯಿ ಊಟವಲ್ಲ. ಅವುಗಳ ಉಪ್ಪು ಖಾರ ಬಾಯಾರಿಕೆಯನ್ನು ಹೆಚ್ಚಿಸಿ ಇನ್ನೊಂದು ಗುಟುಕಿಗೆ ಕರೆಯುತ್ತವೆ. ಕುಡಿಯುವ ಮನೆಯವರಿಗೆ ಒಂದೇ ಒಂದು ಬದಲಾವಣೆ ಸೂಚಿಸು ಎಂದರೆ ನಾನು ಊಟವನ್ನು ಮುಂದಕ್ಕೆ ತನ್ನಿ ಎನ್ನುತ್ತೇನೆ.

ಯಾವ ಮದ್ಯ ಎಂಬುದಕ್ಕೂ ಸ್ವಲ್ಪ ಬೆಲೆಯಿದೆ. ಮದ್ಯ ತಯಾರಾಗುವಾಗ ಮತ್ತು ಪೀಪಾಯಿಯಲ್ಲಿ ಹಳತಾಗುವಾಗ ಆಲ್ಕೋಹಾಲ್ ಅಲ್ಲದ ಇತರ ವಸ್ತುಗಳೂ ಸೇರಿಕೊಳ್ಳುತ್ತವೆ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಥ ವಸ್ತುಗಳು ವೋಡ್ಕಾಗಿಂತ 37 ಪಟ್ಟು ಹೆಚ್ಚಿರುವ ಬರ್ಬನ್ ವಿಸ್ಕಿ ಕುಡಿದವರು ಹೆಚ್ಚು ಹ್ಯಾಂಗೋವರ್ ಅನುಭವಿಸಿದರು, ಆದರೆ ಗಮನ ಬೇಡುವ ಪರೀಕ್ಷೆಗಳಲ್ಲಿ ಎರಡೂ ಗುಂಪಿನವರು ಒಂದೇ ಸಮನೆ ಹಿಂದೆ ಬಿದ್ದರು. ಬಣ್ಣವಿಲ್ಲದ ಮದ್ಯ ಸುರಕ್ಷಿತ ಎಂದು ಇದರಿಂದ ತಿಳಿಯಬಾರದು. ಬಿಯರ್ ಮೊದಲೋ ವೈನ್ ಮೊದಲೋ ಎಂಬ ಅನುಕ್ರಮದಿಂದ ಏನೂ ವ್ಯತ್ಯಾಸವಾಗದು ಎಂದು 90 ಮಂದಿಯ ಮೇಲೆ ನಡೆದ 2019ರ ಜರ್ಮನಿಯ ಪ್ರಯೋಗ ತೋರಿಸಿದೆ.

ಇನ್ನು ಬೆಳಿಗ್ಗೆ ಎದ್ದ ಮೇಲಿನ ಆರೈಕೆ. ನೀರು, ಮಜ್ಜಿಗೆ, ತೆಳುವಾದ ಗಂಜಿ ಹೊಟ್ಟೆಗೆ ಹಿತ, ಸ್ವಲ್ಪ ಸ್ವಲ್ಪವೇ ಕುಡಿಯಿರಿ. ವಾಂತಿ ಭೇದಿ ಆಗಿದ್ದರೆ ಮಾತ್ರ ಓಆರ್‌ಎಸ್ ನಿಜವಾಗಿ ಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ತಯಾರಾದ ಪೊಟ್ಟಣವನ್ನು ಅದರ ಮೇಲೆ ಬರೆದಿರುವಷ್ಟೇ ನೀರಿಗೆ, ಸಾಮಾನ್ಯವಾಗಿ ಒಂದು ಲೀಟರಿಗೆ ಕಲಸಬೇಕು. ಒಂದು ಲೋಟಕ್ಕೆ ಇಡೀ ಪೊಟ್ಟಣ ಸುರಿದರೆ ಉಪ್ಪು ಅತಿಯಾಗಿ ವಾಂತಿ ಹೆಚ್ಚುತ್ತದೆ. ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಕಿಡ್ನಿ ತೊಂದರೆಯಿರುವವರು ವೈದ್ಯರನ್ನು ಕೇಳದೆ ಕುಡಿಯಬಾರದು. ದಿನವೂ ಕಾಫಿ ಕುಡಿಯುವವರು ಎಂದಿನಂತೆ ಒಂದು ಲೋಟ ಕುಡಿಯಲಿ, ಕಾಫಿ ತಪ್ಪಿದ್ದರಿಂದಲೇ ತಲೆನೋವು ಬರುವುದುಂಟು. ಹೊಟ್ಟೆ ಉರಿಯುತ್ತಿದ್ದರೆ ಬೇಡ. ಕೆಲವು ನಗರಗಳಲ್ಲಿ ಹ್ಯಾಂಗೋವರ್‌ಗೆಂದೇ ಡ್ರಿಪ್ ಹಾಕುವ ಸೇವೆ ಬಂದಿದೆ. ಬಾಯಿಂದ ನೀರು ಕುಡಿಯಬಲ್ಲವರಿಗೆ ಅದರ ಅಗತ್ಯವಿಲ್ಲ.

ಪ್ಯಾರಸಿಟಮಾಲ್ ಬಗ್ಗೆ ಕೇಳಿದ್ದೀರಿ. ಮಲಗುವಾಗ ನುಂಗಬೇಡಿ. ಅದರ ಪರಿಣಾಮ ನಾಲ್ಕರಿಂದ ಆರು ಗಂಟೆ ಮಾತ್ರ, ತಲೆನೋವು ಶುರುವಾಗುವ ಹೊತ್ತಿಗೆ ಅದು ಮುಗಿದಿರುತ್ತದೆ. ಮದ್ಯವನ್ನೂ ಪ್ಯಾರಸಿಟಮಾಲನ್ನೂ ಲಿವರೇ ನಿಭಾಯಿಸಬೇಕು. ಪದೇ ಪದೇ ಕುಡಿಯುವವರಲ್ಲಿ ಪ್ಯಾರಸಿಟಮಾಲಿನ ಒಂದು ಭಾಗ ವಿಷವಾಗಿ ಮಾರ್ಪಡುವ ಪ್ರಮಾಣ ಹೆಚ್ಚುತ್ತದೆ, ಆ ವಿಷವನ್ನು ತಟಸ್ಥಗೊಳಿಸುವ ಗ್ಲುಟಾಥಯೋನ್ ಸಂಗ್ರಹ ಕುಗ್ಗಿರುತ್ತದೆ. ನಿಮ್ಮಂತೆ ಅಪರೂಪಕ್ಕೆ ಕುಡಿಯುವ ಆರೋಗ್ಯವಂತರು ಬೆಳಿಗ್ಗೆ ತಿಂಡಿಯ ನಂತರ 500 ಮಿಲಿಗ್ರಾಂನ ಒಂದು ಮಾತ್ರೆ ತೆಗೆದುಕೊಂಡರೆ ಸಾಮಾನ್ಯವಾಗಿ ಅಪಾಯವಿಲ್ಲ. ವಾರಕ್ಕೆ ಹಲವು ಸಲ ಕುಡಿಯುವವರಿಗೆ, ಲಿವರ್ ಕಾಯಿಲೆ ಇರುವವರಿಗೆ ಈ ಮಾತು ಅನ್ವಯಿಸದು. ಐಬುಪ್ರೊಫೆನ್, ಆಸ್ಪಿರಿನ್ ಈಗಾಗಲೇ ಕೆರಳಿರುವ ಜಠರವನ್ನು ಮತ್ತಷ್ಟು ಕೆರಳಿಸಿ ರಕ್ತಸ್ರಾವಕ್ಕೂ ಕಾರಣವಾಗಬಹುದು. ಹ್ಯಾಂಗೋವರ್ ಇಳಿಸುತ್ತೇವೆ ಎಂದು ಮಾರುವ ಪುಡಿ, ಪೇಯಗಳ ವಿಷಯಕ್ಕೆ ಬಂದರೆ, ಬ್ರಿಟಿಷ್ ಮೆಡಿಕಲ್ ಜರ್ನಲ್ 2005ರಲ್ಲಿ ಪ್ರಕಟಿಸಿದ ವಿಮರ್ಶೆ ಯಾವ ಚಿಕಿತ್ಸೆಗೂ ಮನವೊಪ್ಪುವ ಆಧಾರವಿಲ್ಲ ಎಂದಿತು. 2022ರಲ್ಲಿ 21 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ಮತ್ತೊಂದು ವಿಮರ್ಶೆಗೂ ಸಿಕ್ಕಿದ್ದು ತೀರಾ ದುರ್ಬಲ ಪುರಾವೆ ಮಾತ್ರ.

ಬೆಳಿಗ್ಗೆ ಒಂದು ಪೆಗ್ ಹಾಕಿದರೆ ಸರಿಹೋಗುತ್ತದೆ ಎಂಬ ಸಲಹೆಯನ್ನು ಯಾರೇ ಕೊಟ್ಟರೂ ಕೇಳಬೇಡಿ. ಅದರಿಂದ ತೊಂದರೆ ಮುಂದಕ್ಕೆ ಹೋಗುತ್ತದೆಯೇ ಹೊರತು ಕಳೆಯುವುದಿಲ್ಲ. ಬೆಳಿಗ್ಗೆ ಕುಡಿಯದಿದ್ದರೆ ಕೈ ನಡುಗುತ್ತದೆ, ಬೆವರುತ್ತದೆ ಎನ್ನುವ ಹಂತ ಬಂದಿದ್ದರೆ ಅದು ಹ್ಯಾಂಗೋವರ್ ಅಲ್ಲ, ಅವಲಂಬನೆ. ಅಂಥವರು ಒಮ್ಮೆಲೇ ಬಿಟ್ಟರೆ ಎರಡು ದಿನಗಳೊಳಗೆ ಫಿಟ್ಸ್ ಬರಬಹುದು, ಆಮೇಲೆ ಭ್ರಮೆ, ಸನ್ನಿಯೂ ಬರಬಹುದು. ಆಸ್ಪತ್ರೆಯ ಆಸರೆಯಲ್ಲಿಯೇ ಬಿಡಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆ ಪ್ರತ್ಯೇಕ ವಿಭಾಗವಿದೆ, ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲಿಯೇ ಮಾತಾಡಬಹುದು.

ಹ್ಯಾಂಗೋವರ್ ಎಂದುಕೊಂಡು ಮಲಗಿಸಿ ಜೀವ ಕಳೆದುಕೊಂಡ ಪ್ರಸಂಗಗಳಿವೆ. ಕೂಗಿದರೂ ಅಲುಗಾಡಿಸಿದರೂ ಏಳದವರು, ಉಸಿರು ತೀರಾ ನಿಧಾನವಾದವರು, ತುಟಿ ನೀಲಿಗಟ್ಟಿದವರು ಇದ್ದರೆ 108ಕ್ಕೆ ಕರೆ ಮಾಡಿ, ಅವರನ್ನು ಒಂದು ಮಗ್ಗುಲಿಗೆ ಮಲಗಿಸಿ ಪಕ್ಕದಲ್ಲಿಯೇ ಇರಿ. ಅಂಗಾತ ಮಲಗಿದಾಗ ವಾಂತಿ ಶ್ವಾಸನಾಳಕ್ಕೆ ಇಳಿಯುತ್ತದೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಕುಡಿದು ಊಟ ಬಿಟ್ಟಿದ್ದರೆ, ಅವರ ತೊದಲು ಮಾತು ಅಮಲಿನದೋ ಸಕ್ಕರೆ ಕುಸಿದದ್ದೋ ತಿಳಿಯದು, ಕೂಡಲೇ ಗ್ಲುಕೋಮೀಟರಿನಲ್ಲಿ ನೋಡಬೇಕು. ಕುಡಿದ ಮರುದಿನ ಕಣ್ಣು ಮಂಜಾದರೆ, ಹಿಮ ಬಿದ್ದಂತೆ ಬೆಳ್ಳಗೆ ಕಂಡರೆ, ಹೊಟ್ಟೆ ವಿಪರೀತ ನೋಯುತ್ತಿದ್ದರೆ ಅದು ಮೆಥನಾಲ್ ವಿಷವಿರಬಹುದು. 1981ರಲ್ಲಿ ಬೆಂಗಳೂರಿನಲ್ಲಿ 300ಕ್ಕೂ ಹೆಚ್ಚು ಜನರನ್ನೂ 2024ರ ಜೂನ್‌ನಲ್ಲಿ ತಮಿಳುನಾಡಿನ ಕಲ್ಲಕುರಿಚಿಯಲ್ಲಿ 60ಕ್ಕೂ ಹೆಚ್ಚು ಜನರನ್ನೂ ಬಲಿ ತೆಗೆದುಕೊಂಡದ್ದು ಇಂಥ ಕಳ್ಳಭಟ್ಟಿ. ಮೆಥನಾಲಿಗೆ ಮದ್ದಿದೆ, ಗಂಟೆಗಳೊಳಗೆ ದೊಡ್ಡ ಆಸ್ಪತ್ರೆ ತಲುಪಿದವರು ಉಳಿದಿದ್ದಾರೆ.

ಕೊನೆಯದಾಗಿ ನಿಮ್ಮ ಎದೆ ಡವಡವದ ಮಾತು. ಇದನ್ನು ನೀವು ತೊಂದರೆಗಳ ಸಾಲಿನಲ್ಲಿ ಕೊನೆಗೆ ಹೇಳಿದ್ದೀರಿ, ನನಗೆ ಅದೇ ಮುಖ್ಯವಾಗಿ ಕಂಡಿತು. ಒಮ್ಮೆಲೇ ಹೆಚ್ಚು ಕುಡಿದ ಮೇಲೆ ಆರೋಗ್ಯವಂತರ ಹೃದಯದ ಬಡಿತವೂ ಲಯ ತಪ್ಪುವುದುಂಟು. ವಾರಾಂತ್ಯ, ಹಬ್ಬಗಳ ನಂತರ ಹೀಗೆ ಬರುವವರನ್ನು ಗಮನಿಸಿದ ಅಮೆರಿಕದ ವೈದ್ಯರು 1978ರಲ್ಲಿಯೇ ಇದನ್ನು ‘ಹಾಲಿಡೇ ಹಾರ್ಟ್’ ಎಂದು ಕರೆದರು. ಮುಂದಿನ ಸಲ ಹಾಗಾದಾಗ ಹೆಬ್ಬೆರಳಿನ ಬುಡದ ನಾಡಿಯ ಮೇಲೆ ಎರಡು ಬೆರಳಿಟ್ಟು ಒಂದು ಪೂರ್ತಿ ನಿಮಿಷ ಎಣಿಸಿ. ಬಡಿತ ವೇಗವಾಗಿದ್ದರೂ ಒಂದೇ ಸಮನಾಗಿದ್ದು ಮಧ್ಯಾಹ್ನದೊಳಗೆ ತಗ್ಗಿದರೆ ಅಷ್ಟು ಆತಂಕವಿಲ್ಲ. ಅಡ್ಡಾದಿಡ್ಡಿಯಾಗಿದ್ದರೆ, ಅಥವಾ ತಲೆಸುತ್ತು, ಎದೆನೋವು, ಉಸಿರುಕಟ್ಟುವಿಕೆ ಜೊತೆಗಿದ್ದರೆ ಆ ಹೊತ್ತಿನಲ್ಲಿಯೇ ಹತ್ತಿರದ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ, ಏಕೆಂದರೆ ಬಡಿತ ಸರಿಹೋದ ಮೇಲೆ ತೆಗೆದ ಇಸಿಜಿಯಲ್ಲಿ ಏನೂ ಕಾಣಿಸದಿರಬಹುದು. ಅಲ್ಲಿಯವರೆಗೆ, ಮುಂದಿನ ಶನಿವಾರವೂ ಸೇರಿದಂತೆ, ಮದ್ಯ ಮುಟ್ಟದೆ ಇರಿ.